ದುಪ್ಪಟ್ಟಾ ಯಾರಿಗಮ್ಮಾ?

ಮೊದಲ ದಿನ ಕ್ರೀಡಾಂಗಣಕ್ಕೆ ಹೋದಾಗ ನಾನು ಚೂಡಿದಾರ ಹಾಕಿಕೊಂಡು, ದುಪ್ಪಟ್ಟಾವನ್ನು ಎರಡೂ ಭುಜಕ್ಕೆ ಪಿನ್ ಮಾಡಿಕೊಂಡು ಹೋಗಿದ್ದೆ. ಸೂರ್ಯ ನಮಸ್ಕಾರಕ್ಕೆ ಕೈ ಎತ್ತಿದೆ. ಒಂದು ಕಡೆಯ ಪಿನ್ ಕಿತ್ತು ಬಂತು. ಬಗ್ಗಿದೆ. ದುಪ್ಪಟ್ಟಾ ಪೂರ್ತಿ ಮುಖದ ಮೇಲೆ ಬಿತ್ತು. ಪಕ್ಕದ ಚಾಪೆಯಿಂದ ಒಂದು ದನಿ ಬಂತು. "ಅಲ್ಲಮ್ಮಾ, ಇನ್ನೂ ಕತ್ತಲೆ. ನಮ್ಮನ್ನ ನೋಡೋನು ಸೂರ್ಯ ಒಬ್ಬನೇ. ಅವನೂ ಇನ್ನೂ ಎದ್ದಿಲ್ಲ. ದುಪ್ಪಟ್ಟಾ ಯಾರಿಗೆ?"

ಸಾಲಿನ ಉದ್ದಕ್ಕೂ ನಗು. ನಾನೂ ನಕ್ಕೆ. ಮಾರನೇ ದಿನದಿಂದ ದುಪ್ಪಟ್ಟಾ ಮನೆಯಲ್ಲೇ ಉಳಿಯಿತು.

ಆ ದನಿ ಹೂವಕ್ಕನದ್ದು. ನಮ್ಮ ಗುಂಪಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಕಮ್ಮಿ. ಹೂವಕ್ಕ, ಬ್ಯಾಂಕ್ ಮೇಡಂ, ಟೈಲರ್ ಅಕ್ಕ, ರೇಷ್ಮೆ ಅಣ್ಣ, ನಮಗೆಲ್ಲ ಹೇಳಿಕೊಡುವ ಪಿ.ಟಿ. ಮೇಷ್ಟ್ರು. ನನ್ನನ್ನು ಮಾತ್ರ ಎರಡು ವರ್ಷವಾದರೂ 'ಹೊಸ ಮೇಡಂ' ಅಂತಲೇ ಕರೆಯುತ್ತಾರೆ. ಶುಗರ್ ಬಾರ್ಡರ್‌ನಲ್ಲಿದೆ, ಮಾತ್ರೆ ಬೇಡ ಅಂದರೆ ಮೈ ಬಗ್ಗಿಸಿ ಅಂತ ಡಾಕ್ಟರ್ ಹೇಳಿದ್ದಕ್ಕೆ ಬಂದವಳು ನಾನು. ವಾರಕ್ಕೆ 150 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮೇಷ್ಟ್ರು ಅದನ್ನು ಮೂರೇ ದಿನದಲ್ಲಿ ಮುಗಿಸುತ್ತಾರೆ.

ಚಿಕ್ಕಬಳ್ಳಾಪುರದ ಬೆಳಗು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸುತ್ತ ಬೆಟ್ಟಗಳು. ನಂದಿ ಬೆಟ್ಟವಂತೂ 1478 ಮೀಟರ್. ಡಿಸೆಂಬರ್, ಜನವರಿಯಲ್ಲಿ ಬೆಟ್ಟದ ಮಂಜು ಇಳಿದು ಬಂದು ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದೊಳಗೇ ಕೂತಿರುತ್ತದೆ. ಹತ್ತು ಹೆಜ್ಜೆ ಆಚೆ ಇರುವವರು ಯಾರು ಅಂತ ಮುಖ ನೋಡಿ ಹೇಳೋಕಾಗಲ್ಲ, ಬಟ್ಟೆ ನೋಡಿಯೇ ಹೇಳಬೇಕು. ಮಫ್ಲರ್ ಕಂಡರೆ ರೇಷ್ಮೆ ಅಣ್ಣ. ಬೆಳ್ಳಗೆ ಕಂಡರೆ ಮೇಷ್ಟ್ರು. ಸೀರೆಯ ಕೆಳಗೆ ಎರಡು ಬಿಳಿ ಶೂ ಟಕಟಕ ಬರುತ್ತಿದ್ದರೆ ಹೂವಕ್ಕ. ಬಟ್ಟೆಯ ಮಾತು ನಮ್ಮಲ್ಲಿ ಇಷ್ಟೊಂದು ಓಡುವುದಕ್ಕೆ ಆ ಮಂಜೂ ಒಂದು ಕಾರಣ ಅನ್ನಿಸುತ್ತದೆ.

ಆ ಮಾತುಗಳು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ನಡೆಯುತ್ತವೆ. ನಮ್ಮ ಕಡೆ ಹಾಗೇ. ರೇಷ್ಮೆ ಅಣ್ಣ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡಿದವರು, ಈಗ ಮಗಳ ಜೊತೆ ಇಲ್ಲಿದ್ದಾರೆ. ಬೇಸಿಗೆ ಬಂದರೂ ಕೈಗೆ ಉಣ್ಣೆ ಗ್ಲೌಸ್ ಬಿಡಲ್ಲ. "ಬೆರಳಚ್ಚು ಸಿಗಬಾರದು ಅಂತಲಾ ಅಣ್ಣಾ?" ಅಂತ ಟೈಲರ್ ಅಕ್ಕ ದಿನಾ ಕೇಳುತ್ತಾರೆ. "ಕದಿಯೋಕೆ ಇಲ್ಲೇನಿದೆ ತಾಯಿ, ಮೇಷ್ಟ್ರ ವಿಸಿಲ್ ಒಂದೇ" ಅಂತ ಅವರು ದಿನಾ ಉತ್ತರ ಕೊಡುತ್ತಾರೆ. ಅದೇ ಮಾತು, ಅದೇ ಉತ್ತರ. ಆದರೂ ಒಂದು ದಿನ ಅದು ಆಗದಿದ್ದರೆ ಏನೋ ಬಿಟ್ಟುಹೋದ ಹಾಗೆ.

ಮೇಷ್ಟ್ರಿಗೂ ಹೂವಕ್ಕನಿಗೂ ನಡೆಯುವ ಮಾತು ಇದಕ್ಕಿಂತ ದೊಡ್ಡದು. ಹೂವಕ್ಕನ ಮಗ ನಂದಿ ಕಡೆ ಸೇವಂತಿಗೆ ಬೆಳೆಯುತ್ತಾನೆ. ಇವರು ಮನೆಯಲ್ಲಿ ಕೂತು ಹೂ ಕಟ್ಟುತ್ತಾರೆ. ವಯಸ್ಸು ಅರವತ್ತೆರಡು. ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. "ಮೂರು ಮಾರು ಬಟ್ಟೆ ಸುತ್ತಿಕೊಂಡು ಅದೆಂಗೆ ಓಡ್ತೀರಮ್ಮಾ?" ಅನ್ನುವುದು ಮೇಷ್ಟ್ರ ಪ್ರಶ್ನೆ. "ಮೂರು ಮಾರು ಅಳತೆ ಸರಿಯಾಗಿ ಹೇಳಿದ್ರಿ ಸಾರ್. ನಾಳೆಯಿಂದ ಹೂವಿನ ಅಂಗಡಿಗೆ ಬನ್ನಿ, ಕೆಲಸ ಕೊಡ್ತೀನಿ" ಅನ್ನುವುದು ಇವರ ಉತ್ತರ.

ಅವರು ಸೀರೆಯಲ್ಲಿ ಸೂರ್ಯ ನಮಸ್ಕಾರ ಮಾಡುವುದನ್ನು ನೋಡಬೇಕು. ಚಾಪೆ ಹಾಸಿ, ಶೂ ಬಿಚ್ಚಿ ಪಕ್ಕಕ್ಕಿಟ್ಟು, ಮೊದಲು ಸೆರಗನ್ನು ಎಡಗಡೆಯಿಂದ ಬಿಗಿಯಾಗಿ ಎಳೆದು ಬಲ ಸೊಂಟಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ನೆರಿಗೆಯ ಕೆಳತುದಿಯನ್ನು ಹಿಡಿದು, ಕಾಲ ನಡುವೆ ಹಿಂದಕ್ಕೆ ತೆಗೆದುಕೊಂಡು ಹೋಗಿ ಬೆನ್ನಿನ ಹತ್ತಿರ ಸಿಕ್ಕಿಸುತ್ತಾರೆ. ಕಚ್ಚೆ ಆಯಿತು. ಇಷ್ಟಕ್ಕೂ ಅವರಿಗೆ ಬೇಕಾಗುವುದು ನಾನು ಒಂದು ಶೂ ಲೇಸ್ ಕಟ್ಟುವಷ್ಟು ಹೊತ್ತು. ಒಂದು ಕಾಲನ್ನು ಪೂರ್ತಿ ಹಿಂದಕ್ಕೆ ಚಾಚುವ ಅಶ್ವ ಸಂಚಾಲನಾಸನ ಬಂದಾಗ ನೆರಿಗೆ ಕಾಲಿಗೆ ಸಿಕ್ಕಿ ಬೀಳುವ ಭಯ ಜಾಸ್ತಿ. ಕಚ್ಚೆ ಹಾಕಿದರೆ ಆ ಭಯವಿಲ್ಲ. ನಾಟಿ ಮಾಡುವಾಗ, ಕಳೆ ಕೀಳುವಾಗ ಕಲಿತಿದ್ದು ಅದು.

ಬಟ್ಟೆಯ ಬಗ್ಗೆ ನಾನು ಈ ಎರಡು ವರ್ಷದಲ್ಲಿ ಕಲಿತಿದ್ದೆಲ್ಲ ಇಂಥ ಮಾತಿನಿಂದಲೇ. ಹತ್ತಿ ಬಟ್ಟೆ ಒಳ್ಳೆಯದು ಅಂತ ನಂಬಿದ್ದೆ. ಬೇಸಿಗೆಗೆ ಹೌದು. ಆದರೆ ಹತ್ತಿ ಬೆವರನ್ನು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ, ಬೇಗ ಒಣಗಲ್ಲ. ಚಳಿಗಾಲದಲ್ಲಿ ನಾಲ್ಕು ಸುತ್ತು ಓಡಿ, ಕೊನೆಗೆ ಪ್ರಾಣಾಯಾಮಕ್ಕೆ ಕೂತಾಗ ಬೆನ್ನಿಗೆ ಅಂಟಿದ ಒದ್ದೆ ಬಟ್ಟೆ ಐಸ್ ಇಟ್ಟ ಹಾಗಾಗುತ್ತದೆ. ಬ್ಯಾಂಕ್ ಮೇಡಂ ಅದಕ್ಕೇ ಒಳಗೆ ಪಾಲಿಯೆಸ್ಟರ್ ಟೀ ಶರ್ಟ್, ಮೇಲೆ ಒಂದು ತೆಳು ಸ್ವೆಟರ್ ಹಾಕುತ್ತಾರೆ. ಮೈ ಬಿಸಿಯಾದಾಗ ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟುತ್ತಾರೆ, ಕೂರುವಾಗ ಮತ್ತೆ ಹಾಕಿಕೊಳ್ಳುತ್ತಾರೆ. "ಒಂದು ಗಂಟೇಲಿ ಮೂರು ಡ್ರೆಸ್ ಬದಲಾಯಿಸ್ತಾರಪ್ಪಾ" ಅಂತ ಅವರಿಗೂ ಒಂದು ಮಾತು ಬೀಳುತ್ತದೆ.

ಒಳ ಉಡುಪಿನ ವಿಷಯವನ್ನೂ ಬಾಯಿಬಿಟ್ಟು ಹೇಳಿದವರು ಬ್ಯಾಂಕ್ ಮೇಡಮ್ಮೇ. ಓಡುವಾಗ ನಾನು ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಓಡುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ಅವರು ಒಂದು ದಿನ ಪಕ್ಕಕ್ಕೆ ಕರೆದು, "ಸ್ಪೋರ್ಟ್ಸ್ ಬ್ರಾ ತಗೊಳ್ಳಿ ಮೇಡಂ. ನೋವು ಸಹಿಸಿಕೊಂಡು ಓಡೋದೇನಿದೆ?" ಅಂದರು. ಬಿಬಿ ರಸ್ತೆಯ ಅಂಗಡಿಯೊಂದಕ್ಕೆ ಜೊತೆಯಲ್ಲಿ ಬಂದು, ಹಾಕಿ ನೋಡಿ, ಜಿಗಿದು ನೋಡಿ ಅಂತ ಹೇಳಿ ಕೊಡಿಸಿದರು. ನಲವತ್ತೈದು ವರ್ಷದವರೆಗೆ ಇದನ್ನು ನನಗೆ ಒಬ್ಬರೂ ಹೇಳಿರಲಿಲ್ಲ. ಅಮ್ಮ ಹೇಳಲಿಲ್ಲ, ಸ್ಕೂಲಿನ ಆಟದ ಪೀರಿಯಡ್‌ನಲ್ಲೂ ಯಾರೂ ಹೇಳಲಿಲ್ಲ. ಹೈಸ್ಕೂಲಿಗೆ ಬಂದಮೇಲೆ ಎಷ್ಟು ಹುಡುಗಿಯರು ಓಟ ಬಿಟ್ಟುಬಿಟ್ಟರು ಅಂತ ಆ ದಿನ ಮನೆಗೆ ನಡೆದು ಬರುವಾಗ ನೆನೆಸಿಕೊಂಡೆ. ಸಿಟ್ಟು ಬಂತು.

ಗುಂಪಿನಲ್ಲಿ ಕಡ್ಡಾಯ ಅಂತ ಇರುವುದು ಒಂದೇ, ಶೂ. ಅದನ್ನು ಮಾತ್ರ ಮೇಷ್ಟ್ರು ತಮಾಷೆಗೂ ಸಡಿಲ ಬಿಡಲ್ಲ. ಹವಾಯಿ ಚಪ್ಪಲಿಯಲ್ಲಿ ಒದ್ದೆ ಟ್ರ್ಯಾಕ್ ಮೇಲೆ ಓಡಿ ಜಾರಿ ಬಿದ್ದರೆ ಸೊಂಟಕ್ಕೇ ಪೆಟ್ಟು. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಕಮ್ಮಿಯಾಗಿರಬಹುದು, ಕಲ್ಲು ಚುಚ್ಚಿದರೂ ಗೊತ್ತಾಗಲ್ಲ, ಸಣ್ಣ ಗಾಯ ದೊಡ್ಡದಾಗುತ್ತದೆ. ಶೂ ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಡಿ ಅನ್ನುತ್ತಾರೆ. ಹೊಸಬರು ಬಂದರೆ ಅವರೇ ಬಗ್ಗಿ ಶೂ ತುದಿ ಒತ್ತಿ ನೋಡುತ್ತಾರೆ.

2025ರ ಮೇ ತಿಂಗಳಲ್ಲಿ ಯೂನಿಫಾರ್ಮ್ ಮಾತು ಬಂತು. ಜೂನ್ 21 ಯೋಗ ದಿನ. ವಿಶ್ವಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಈ ದಿನವನ್ನು ಗೊತ್ತು ಮಾಡಿತು. 2015ರಿಂದ ನಮ್ಮೂರಲ್ಲೂ ಪ್ರತಿವರ್ಷ ಸಾಲು ಸಾಲು ಚಾಪೆ ಹಾಸುತ್ತಾರೆ. ಈ ಸಲ ನಾವು ಒಂದು ಗುಂಪಾಗಿ ಹೋಗಬೇಕು, ಎಲ್ಲರೂ ಬಿಳಿ ಟೀ ಶರ್ಟ್, ಕಪ್ಪು ಟ್ರ್ಯಾಕ್ ಪ್ಯಾಂಟ್ ಹಾಕಬೇಕು ಅಂದರು ಮೇಷ್ಟ್ರು.

"ಸೀರೇಲಿ ಬರೋರು ಏನು ಮಾಡೋದು ಸಾರ್?" ಅಂದರು ಹೂವಕ್ಕ.

"ನೋಡಮ್ಮಾ, ನಾವು ನಿಂತಿರೋ ಮೈದಾನಕ್ಕೆ ಯಾರ ಹೆಸರಿದೆ? ನಮ್ಮ ಪಕ್ಕದ ಮುದ್ದೇನಹಳ್ಳೀಲಿ ಹುಟ್ಟಿದೋರು. ಯಾವ ಫೋಟೋ ಬೇಕಾದ್ರೂ ನೋಡಿ, ಕೋಟು, ಟೈ, ಪೇಟ. ನೂರು ದಾಟಿ ಬದುಕಿದ್ರು. ಶಿಸ್ತು ಅಂದ್ರೆ ಅದು."

ಹೂವಕ್ಕ ಒಂದು ಕ್ಷಣವೂ ತಡೆಯಲಿಲ್ಲ. "ಅದೇ ನಾನೂ ಹೇಳೋದು ಸಾರ್. ಅವರು ಕೊನೇವರೆಗೂ ಪೇಟ ಬದಲಾಯಿಸಲಿಲ್ಲ. ನಾನ್ಯಾಕೆ ಸೀರೆ ಬದಲಾಯಿಸ್ಲಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ನಕ್ಕರು. ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸಿದೆವು. ಸೊಸೆ ಪ್ಯಾಂಟ್ ಕೊಡಲ್ವಾ ಅಂತ ಒಬ್ಬರು. ಮೊಮ್ಮಕ್ಕಳು ನಗ್ತಾರೆ ಅಂತ ಭಯಾನಾ ಅಂತ ಇನ್ನೊಬ್ಬರು. ಕೊನೆಗೆ ನಾನು ಹೇಳಿದೆ: "ನಾಚಿಕೆ ಬಿಡಿ ಅಕ್ಕಾ. ನಿಮ್ಮ ಮಾತು ಕೇಳಿ ನಾನು ದುಪ್ಪಟ್ಟಾ ಬಿಡಲಿಲ್ವಾ?"

ಹೂವಕ್ಕ ನಕ್ಕರು. ಚಾಪೆ ಸುತ್ತಿಕೊಂಡು ಹೋದರು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮದುವೆ ಸೀಸನ್, ಹೂವಿನ ಕೆಲಸ ಇರುತ್ತೆ ಅಂದುಕೊಂಡೆವು. ನಾಲ್ಕನೇ ದಿನ ಬಿಳಿ ಶೂ ಇಲ್ಲದ ಆ ಜಾಗ ನೋಡಿ ನನಗೆ ಸಮಾಧಾನವಾಗಲಿಲ್ಲ. ಸಂಜೆ ಅವರ ಮನೆಗೆ ಹೋದೆ.

ನಡುಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಪಕ್ಕದಲ್ಲಿ ನೀರಲ್ಲಿ ನೆನೆಸಿದ ಬಾಳೆನಾರು. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ನಾರು ಒಂದು ಸುತ್ತು, ಬೆರಳಲ್ಲಿ ಒಂದು ಕುಣಿಕೆ, ಎಳೆತ. ನನ್ನ ಮುಖ ನೋಡುತ್ತಲೇ ಕಟ್ಟುತ್ತಿದ್ದರು. ಕಣ್ಣು ಹೂವಿನ ಮೇಲೆ ಇರಲೇ ಇಲ್ಲ. ಕಾಫಿ ಬಂತು. ಯಾಕೆ ಬರ್ತಿಲ್ಲ ಅಂತ ಕೇಳಿದೆ.

"ಸೊಸೆ ಪ್ಯಾಂಟ್ ಹಾಕಿ ನೋಡಿದೆ ಕಣಮ್ಮಾ" ಅಂದರು. "ಒಂದಲ್ಲ, ಎರಡು ಸಲ. ಎಲಾಸ್ಟಿಕ್ಕು ಸರಿಯಾಗಿ ಹೊಲಿಗೆ ಮೇಲೇ ಬಂದು ಕೂತ್ಕೊಂತದೆ."

ಅವರಿಗೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಗರ್ಭಕೋಶ ತೆಗೆಸಿದ ಆಪರೇಷನ್ ಆಗಿತ್ತು. ಹೊಕ್ಕುಳ ಕೆಳಗೆ ಉದ್ದಕ್ಕೆ ಹೊಲಿಗೆ. ಇಷ್ಟು ವರ್ಷವಾದರೂ ಅಲ್ಲಿ ಏನಾದರೂ ಒತ್ತಿದರೆ ಚುಳ್ ಅನ್ನುತ್ತದೆ. ಲಂಗದ ಲಾಡಿಯನ್ನು ಅವರು ಹೊಲಿಗೆ ತಪ್ಪಿಸಿ ಮೇಲಕ್ಕೆ ಕಟ್ಟುತ್ತಾರೆ. ಸೀರೆಯಲ್ಲಿ ಅದು ಸಾಧ್ಯ. ರೆಡಿಮೇಡ್ ಪ್ಯಾಂಟಿನಲ್ಲಿ ಎಲಾಸ್ಟಿಕ್ ಎಲ್ಲಿ ಕೂರಬೇಕು ಅಂತ ಹೊಲಿದವನು ಮೊದಲೇ ತೀರ್ಮಾನ ಮಾಡಿರುತ್ತಾನೆ.

"ನಾಚಿಕೆ ಅಂದ್ಯಲ್ಲ ನೀನು" ಅಂದರು. ಕೈ ಮಾತ್ರ ನಿಲ್ಲಲಿಲ್ಲ. "ಮೊಣಕಾಲ ತನಕ ಸೀರೆ ಎತ್ತಿ ಸಿಕ್ಕಿಸಿ ಗದ್ದೆ ಕೆಲಸ ಮಾಡಿದೋಳು ನಾನು. ನಂಗ್ಯಾವ ನಾಚಿಕೆ? ಅಷ್ಟು ಜನದ ಎದುರಿಗೆ ಹೊಟ್ಟೆ ಹೊಲಿಗೆ ಕಥೆ ಹೇಳೋಕಾಯ್ತದಾ? ಅದಕ್ಕೇ ನಕ್ಕು ಸುಮ್ನಾದೆ."

ನನಗೆ ಮಾತೇ ಹೊರಡಲಿಲ್ಲ. ತಪ್ಪಾಯ್ತು ಅಕ್ಕಾ ಅಂದೆ. "ಅಯ್ಯೋ ಕಾಫಿ ಆರ್ತದೆ ಕುಡಿಯಮ್ಮಾ" ಅಂದರು.

ಆ ರಾತ್ರಿ ಇದೇ ಯೋಚನೆ. ಬಟ್ಟೆ ನೋಡಿ ನಾವು ಯಾವಾಗಲೂ ಮನಸ್ಸನ್ನು ಅಳೆಯುತ್ತೇವೆ. ಇವಳಿಗೆ ನಾಚಿಕೆ, ಅವಳಿಗೆ ಜಂಬ, ಇವರು ಹಳೇ ಕಾಲದವರು. ಆದರೆ ಎಷ್ಟೋ ಸಲ ಬಟ್ಟೆಯ ಹಿಂದೆ ಇರುವುದು ಮೈ. ಒಂದು ಹೊಲಿಗೆ, ಒಂದು ನೋವು, ಒಂದು ಅಭ್ಯಾಸ. ರೇಷ್ಮೆ ಅಣ್ಣನ ಗ್ಲೌಸ್ ನೆನಪಾಯಿತು. ಗೂಡಿನ ಎಳೆ ಬಿಚ್ಚಬೇಕಾದರೆ ಅದನ್ನು ಬಿಸಿನೀರಲ್ಲಿ ಬೇಯಿಸಬೇಕು. ಮೂವತ್ತು ವರ್ಷ ದಿನಾ ಆ ಬಿಸಿನೀರಲ್ಲಿ ಅದ್ದಿದ ಕೈ ಅದು. ಬೆರಳ ತುದಿಯಲ್ಲಿ ಚರ್ಮ ಬಿರಿದು, ತಣ್ಣನೆ ಗಾಳಿ ತಾಗಿದರೆ ಉರಿಯುತ್ತದೆ. ಆದರೆ ಅವರ ವಿಷಯದಲ್ಲಿ ನಮಗೆ ಇದು ಮೊದಲಿಂದ ಗೊತ್ತಿತ್ತು. ಟೈಲರ್ ಅಕ್ಕನೇ ಒಂದು ಸಲ ಅವರಿಗೆ ಕೊಬ್ಬರಿ ಎಣ್ಣೆ ತಂದುಕೊಟ್ಟಿದ್ದರು. ಗೊತ್ತಿದ್ದು ಆಡುವ ಮಾತು ಗೆಳೆತನ. ಗೊತ್ತಿಲ್ಲದೆ, ಗೊತ್ತಿದೆ ಅಂದುಕೊಂಡು ಆಡುವ ಮಾತು ನೇರ ಹೊಲಿಗೆಯ ಮೇಲೇ ಹೋಗಿ ಕೂರುತ್ತದೆ.

ಹೂವಕ್ಕನ ಒಪ್ಪಿಗೆ ಕೇಳಿ ಟೈಲರ್ ಅಕ್ಕನಿಗೂ ಬ್ಯಾಂಕ್ ಮೇಡಂಗೂ ಮಾತ್ರ ವಿಷಯ ಹೇಳಿದೆ. ಬ್ಯಾಂಕ್ ಮೇಡಂ ಇನ್ನೊಂದು ವಿಷಯ ತೆಗೆದರು. ಲಂಗದ ಲಾಡಿಯನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದರೆ ಅಲ್ಲಿ ಚರ್ಮ ಕಪ್ಪಾಗಿ, ಉಜ್ಜಿ ಗಾಯವಾಗಿ, ವಾಸಿಯಾಗದ ಹುಣ್ಣು ಅಪರೂಪಕ್ಕೆ ಕ್ಯಾನ್ಸರ್ ಆಗುವುದೂ ಉಂಟು. ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದದ್ದು 2024ರಲ್ಲಿ ಸುದ್ದಿಯಾಗಿತ್ತು. ಹೆದರಬೇಕಾಗಿಲ್ಲ. ಲಾಡಿ ಸಡಿಲ ಮಾಡಬೇಕು, ಸೊಂಟದ ಪಟ್ಟಿ ಅಗಲ ಇರಬೇಕು, ಕಟ್ಟುವ ಜಾಗ ಆಗಾಗ ಬದಲಾಯಿಸಬೇಕು, ಹುಣ್ಣು ವಾಸಿಯಾಗದಿದ್ದರೆ ತೋರಿಸಬೇಕು. ಅಷ್ಟೇ. ಆದರೆ ನಮ್ಮಲ್ಲಿ ಎಷ್ಟು ಜನ ಸೊಂಟದ ಆ ಕಪ್ಪು ಗೆರೆಯನ್ನು ಒಂದು ಸಲವಾದರೂ ತಿರುಗಿ ನೋಡಿದ್ದೇವೆ?

ಟೈಲರ್ ಅಕ್ಕ ಮಾತಾಡಲಿಲ್ಲ, ಅಳತೆ ಟೇಪ್ ತೆಗೆದರು. ಹೂವಕ್ಕನಿಗೆ ಎರಡು ಲಂಗ ಹೊಲಿದರು. ಲಾಡಿ ಇಲ್ಲ. ಸೊಂಟಕ್ಕೆ ನಾಲ್ಕು ಬೆರಳು ಅಗಲದ ಮೆತ್ತನೆ ಹತ್ತಿ ಪಟ್ಟಿ, ಪಕ್ಕದಲ್ಲಿ ಎರಡು ಸಾಲು ಕೊಕ್ಕೆ. ಊಟ ಜಾಸ್ತಿಯಾದ ದಿನ ಹೊರಗಿನ ಸಾಲು. ಬ್ಲೌಸಿಗೆ ಕಂಕುಳಲ್ಲಿ ಒಂದು ಚಿಕ್ಕ ಚೌಕ ತುಂಡು ಸೇರಿಸಿಕೊಟ್ಟರು, ಕೈ ಪೂರ್ತಿ ಮೇಲೆತ್ತಿದರೂ ಹೊಲಿಗೆ ಬಿಡದ ಹಾಗೆ. ಅದನ್ನು ನೋಡಿ ಸೀರೆ ಉಡುವ ಇನ್ನೂ ಮೂವರು ಅದೇ ಥರ ಹೊಲಿಸಿಕೊಂಡರು.

ಯೂನಿಫಾರ್ಮ್ ಮಾತು ಮತ್ತೆ ಬಂದಾಗ ನಾನು ಹೂವಕ್ಕನ ವಿಷಯ ಎತ್ತಲಿಲ್ಲ. "ಬಣ್ಣ ಒಂದು ಮಾಡೋಣ ಸಾರ್. ಬಟ್ಟೆ ಅವರವರಿಗೆ ಬಿಡೋಣ" ಅಂದೆ. ಮೇಷ್ಟ್ರು ಸುಲಭಕ್ಕೆ ಒಪ್ಪಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಬಿಳಿ ಬಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದವರು, ಅವರ ಕಣ್ಣಿಗೆ ಅದೇ ಚೆಂದ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಚಳಿಯಲ್ಲಿ ಐದೂ ಮುಕ್ಕಾಲಿಗೆ ಅರವತ್ತು ದಾಟಿದ ಹೆಂಗಸು ಬಂದು ನಿಂತಿದ್ದಾಳೆ ಅಂದರೆ ಶಿಸ್ತು ಅಲ್ಲೇ ಇದೆ. ಅದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ವಿಸಿಲ್ಲಿನ ದಾರ ಸುತ್ತುತ್ತಾ ನಿಂತರು. "ಆಯ್ತು. ಯಾವ ಬಣ್ಣ?" ಅಂದರು.

ಅಲ್ಲಿಂದ ಮೂರು ದಿನ ಬಣ್ಣದ ಜಗಳ. ಬಿಳಿ ಬೇಡ, ಜೂನ್ ಮಳೆಗೆ ಕೆಸರಾಗುತ್ತದೆ. ಕಪ್ಪು ಶುಭಕ್ಕಲ್ಲ. ದ್ರಾಕ್ಷಿ ಬಣ್ಣ ಅಂದರು ಒಬ್ಬರು, ನಮ್ಮೂರ ಬೆಳೆ ಅಂತ. ಅದು ಯಾರ ಬೀರುವಿನಲ್ಲೂ ಇರಲಿಲ್ಲ. ಕೊನೆಗೆ ಸೇವಂತಿಗೆ ಹಳದಿ ಗೆದ್ದಿತು. ಹೂವಕ್ಕ ಬಾಯೇ ಬಿಡಲಿಲ್ಲ, ಸುಮ್ನೆ ನಗುತ್ತಾ ಕೂತಿದ್ದರು.

ಜೂನ್ 21ಕ್ಕೆ ಮೋಡ ಮುಚ್ಚಿತ್ತು, ಮಳೆ ಬರಲಿಲ್ಲ. ಹಳದಿ ಸೀರೆ, ಹಳದಿ ಚೂಡಿದಾರ, ಹಳದಿ ಟೀ ಶರ್ಟ್. ರೇಷ್ಮೆ ಅಣ್ಣ ಬಿಳಿ ಪಂಚೆಯ ಮೇಲೆ ಹಳದಿ ಮಫ್ಲರ್. ಮೇಷ್ಟ್ರ ಹತ್ತಿರ ಹಳದಿ ಅಂತ ಇದ್ದದ್ದು ಮಗಳ ಅರಿಶಿನ ಶಾಸ್ತ್ರಕ್ಕೆ ಹೊಲಿಸಿದ ಕುರ್ತಾ ಒಂದೇ. ಎದೆಯ ಮೇಲೆ ಝರಿ ಕೆಲಸ. "ಹೆಣ್ಣು ಯಾವೂರು ಸಾರ್?" ಅಂತ ಟೈಲರ್ ಅಕ್ಕ ಕೇಳಿದಾಗ ಮೇಷ್ಟ್ರು ನಕ್ಕಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಹೂವಕ್ಕ ಸೆರಗು ಸಿಕ್ಕಿಸಿ, ಕಚ್ಚೆ ಹಾಕಿ, ಹನ್ನೆರಡು ಸುತ್ತು ಸೂರ್ಯ ನಮಸ್ಕಾರ ಮಾಡಿದರು. ಅಷ್ಟು ಸುತ್ತಿನಲ್ಲಿ ಒಂದು ಸಲವೂ ಅವರ ಕೈ ಹೊಟ್ಟೆಯ ಹತ್ತಿರ ಹೋಗಲಿಲ್ಲ. ನಾನು ನೋಡುತ್ತಲೇ ಇದ್ದೆ.

ಇದನ್ನೆಲ್ಲ ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರಿ. ಹೊಲಿಗೆ ಇರೋರು ನಾನೊಬ್ಬಳೇನಾ?" ಅಂದರು.

ಈಗ ಮತ್ತೆ ಚಳಿ ಶುರುವಾಗಿದೆ. ಹೋದ ಸೋಮವಾರ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ನೈಟಿ ಮೇಲೆ ಸ್ವೆಟರ್, ಅದರ ಮೇಲೆ ಟವೆಲ್. ಒಳಗೆ ಬರುವುದೋ ಬೇಡವೋ ಅಂತ ನೋಡುತ್ತಿದ್ದರು. ಮೇಷ್ಟ್ರು ವಿಸಿಲ್ ಊದಿದ್ದರು, ನಾವು ಓಡುತ್ತಿದ್ದೆವು. ಹೂವಕ್ಕ ಮಾತ್ರ ಸಾಲು ಬಿಟ್ಟು ಗೇಟಿನ ಕಡೆ ಹೋದರು. ಸುತ್ತು ಮುಗಿಸಿ ನಾನು ಅಲ್ಲಿಗೆ ಬರುವ ಹೊತ್ತಿಗೆ ಅವರು ಒಂದು ಮೊಣಕಾಲೂರಿ ಕೂತಿದ್ದರು. ಆ ಹೆಂಗಸು ಹಾಕಿದ್ದದ್ದು ಮಗನ ಸ್ಕೂಲಿನ ಬಿಳಿ ಶೂ. ಹೂವಕ್ಕ ಅದರ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು.

"ಜಾಗ ಇದೆ" ಅಂದರು. "ಬಾರಮ್ಮಾ."